ಒಂಟಿ ಕೈಗವಸು

ಆರ್ವಿಡ್ ಮೂರನೆಯ ಡ್ರಾಯರನ್ನೂ ಹಾಸಿಗೆಯ ಮೇಲೆ ಬೋರಲು ಹಾಕಿದ. ಕರವಸ್ತ್ರಗಳು, ಹಳೆಯ ಕನ್ನಡಕ, ಗುಂಡಿಗಳ ಡಬ್ಬಿ. ಎಲ್ಲದರ ಅಡಿಯಲ್ಲಿ ಕೆಂಪು ಉಣ್ಣೆಯ ಕೈಗವಸು ಸಿಕ್ಕಿತು. ಎಡಗೈಯದು. ಅದರ ಜೊತೆಯದು ಇರಲಿಲ್ಲ. ಇರುವುದಿಲ್ಲವೆಂದು ಅವನಿಗೆ ಗೊತ್ತಿತ್ತು.

ನಾದಿನಿ ಮಾರ್ಲಿಸ್ ಬಾಗಿಲಿಗೆ ಬಂದಳು. "ಹೊತ್ತಾಯ್ತು ಆರ್ವಿಡ್. ಪಾದ್ರಿಗಳು ಕಾಯ್ತಿದಾರೆ. ಒಂಟಿ ಕೈಗವಸು ತಗೊಂಡು ಏನ್ ಮಾಡ್ತೀಯ?"

"ನಿಮ್ಮಕ್ಕನ ಕೈ ಯಾವಾಗ್ಲೂ ತಣ್ಣಗಿರ್ತಿತ್ತು."

"ಇರದೆ ಏನು? ಒಂದನ್ನ ಎಲ್ಲಾದ್ರೂ ಮರೆತು ಬರೋಳು, ಮುಂದಿನ ತಿಂಗಳು ಹುಡುಕ್ಕೊಂಡು ಹೋಗೋಳು. ಅಂಥ ಮರೆಗುಳೀನ ಕೋರ್ಟಿನವರು ಹೇಗೆ ನಂಬಿದ್ರೋ." ನಗಲು ಹೋದ ಮಾರ್ಲಿಸ್ ಕಣ್ಣೊರೆಸಿಕೊಂಡಳು.

ಆರ್ವಿಡ್ ಕೈಗವಸನ್ನು ಕೋಟಿನ ಜೇಬಿಗಿಟ್ಟುಕೊಂಡ.

*

ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದ ಮೇಲೆ ಅವನ ಹೆಂಡತಿ ವರ್ನಾ ಕೋರ್ಟಿನ ಕೆಲಸವೊಂದನ್ನು ಹಿಡಿದಳು. ಹೊಡೆತ ತಿಂದ, ಹೇಳುವವರು ಕೇಳುವವರು ಇಲ್ಲದ ಮಕ್ಕಳ ವಿಷಯ ಕೋರ್ಟಿಗೆ ಬಂದಾಗ, ಆ ಮಗುವನ್ನು ತಿಂಗಳು ತಿಂಗಳು ಕಂಡುಬಂದು, ಅದಕ್ಕೆ ಯಾವುದು ಒಳ್ಳೆಯದೆಂದು ನ್ಯಾಯಾಧೀಶರಿಗೆ ಬರೆದು ಹೇಳಬೇಕು. ಸಂಬಳವಿಲ್ಲ. ಬೈಬಲಿನ ಮೇಲೆ ಕೈಯಿಟ್ಟು ಪ್ರಮಾಣ ಮಾಡಿದ್ದಳಾದ್ದರಿಂದ ಮಕ್ಕಳ ಹೆಸರನ್ನು ಗಂಡನಿಗೂ ಹೇಳಲಿಲ್ಲ. ಪ್ರತಿ ತಿಂಗಳ ಎರಡನೆಯ ಶನಿವಾರ ಬೆಳಿಗ್ಗೆ ಕಾಫಿ ಕುಡಿದು ಹೊರಡುವಳು. ಸಂಜೆ ಬಂದು ಒಲೆಯ ಮುಂದೆ ಒಂದು ಕೈ ಕಾಯಿಸಿಕೊಳ್ಳುವಳು. ಅವನು ಬೈಯುವನು, ಅವಳು ನಗುವಳು. ಆ ನಗು ಈಗಲೂ ಅವನ ಕಿವಿಯಲ್ಲಿತ್ತು.

ಹದಿನೇಳು ವರ್ಷದ ಹಿಂದೆ, ಒಂದು ಫೆಬ್ರುವರಿಯ ಎರಡನೆಯ ಶನಿವಾರ, ಹಿಮಗಾಳಿ ಎದ್ದಿತ್ತು. ಅಂಗಳದ ಮರವೂ ಕಾಣುತ್ತಿರಲಿಲ್ಲ. ಆರ್ವಿಡ್ ಕಾರಿನ ಬೀಗದಕೈ ತೆಗೆದು ಜೇಬಿಗೆ ಹಾಕಿಕೊಂಡ.

"ಮುಂದಿನ ವಾರ ಹೋಗು."

"ಒಂದು ಮಗು ಕಿಟಕಿ ಹತ್ರ ಕೂತಿರತ್ತೆ, ಆರ್ವಿಡ್."

"ಇವತ್ತು ಬರಲ್ಲ ಅಂತ ಅದಕ್ಕೂ ಗೊತ್ತಾಗತ್ತೆ."

ಮಧ್ಯಾಹ್ನ ಗಾಳಿ ನಿಂತಿತು. ರಸ್ತೆ ತೆರೆಯಿತು. ಆದರೂ ಅವನು ಬೀಗದಕೈ ಕೊಡಲಿಲ್ಲ, ಹಿಡಿದ ಹಟ. ಮಂಗಳವಾರ ಮಗುವನ್ನು ದೂರದ ಊರಿಗೆ ಕಳಿಸಿ ಪ್ರಕರಣ ಮುಗಿಸಿದರು. ಮುಗಿದ ಮೇಲೆ ಆ ಮಗುವಿಗೆ ಕಾಗದ ಬರೆಯುವಂತಿಲ್ಲ, ಹೋಗಿ ನೋಡುವಂತಿಲ್ಲ, ಅದು ನಿಯಮ. ವರ್ನಾ ಒಂದು ಮಾತೂ ಆಡದೆ ಈ ಕೈಗವಸನ್ನು ಡ್ರಾಯರಿನ ತಳಕ್ಕೆ ಸೇರಿಸಿದಳು. ನನ್ನಿಂದ ತಪ್ಪಾಯಿತೆಂದು ಅವನೂ ಹೇಳಲಿಲ್ಲ. ನಾಳೆ ಹೇಳಿದರಾಯಿತೆಂದು ಹದಿನೇಳು ವರ್ಷ ಕಳೆದವು.

*

ಚರ್ಚಿನಲ್ಲಿ ವರ್ನಾಳ ಶವಪೆಟ್ಟಿಗೆ ಮುಚ್ಚಲು ಇನ್ನೂ ಅರ್ಧ ಗಂಟೆಯಿತ್ತು. ಬಂದವರೆಲ್ಲ ಆರ್ವಿಡನ ಕೈಹಿಡಿದು ಹಿಮದ ಮಾತಾಡಿ ಮುಂದೆ ಹೋಗುತ್ತಿದ್ದರು. ಕೊನೆಗೆ ಯಾರಿಗೂ ಪರಿಚಯವಿಲ್ಲದ ತರುಣಿಯೊಬ್ಬಳು ಬಂದು ಪೆಟ್ಟಿಗೆಯ ಬಳಿ ನಿಂತಳು. ಕೈಚೀಲದಿಂದ ಕೆಂಪು ಕೈಗವಸು ತೆಗೆದಳು. ಬಲಗೈಯದು.

"ಇದು ಅವರದ್ದು," ಎಂದಳು. "ನಾನು ಕೆಂಡ್ರಾ. ಪೇಪರಿನಲ್ಲಿ ನೋಡಿ ಬಂದೆ. ಹತ್ತು ಗಂಟೆ ದಾರಿ."

ಆರ್ವಿಡನ ಕೈ ಕೋಟಿನ ಜೇಬಿಗೆ ಹೋಯಿತು.

"ನಮಗೆ ಉಡುಗೊರೆ ಕೊಡೋ ಹಾಗಿರ್ಲಿಲ್ಲ, ಮಾತು ಕೊಡೋ ಹಾಗೂ ಇರ್ಲಿಲ್ಲ ಅವರು, ಕೋರ್ಟಿನ ನಿಯಮ. ನಾನು ಹೋದ ಮನೇಲೆಲ್ಲಾ ದೊಡ್ಡವರು ಮತ್ತೆ ಬರ್ತೀನಿ ಅನ್ನೋರು, ಬರ್ತಿರ್ಲಿಲ್ಲ. ಇವರು ಹಾಗನ್ನಲಿಲ್ಲ. ಹೋಗೋವಾಗ ಒಂದು ಕೈಗವಸು ನನ್ನ ತೊಡೆ ಮೇಲೆ ಬಿಟ್ಟು ಹೋಗೋರು. 'ಇದಿಲ್ದೆ ನನ್ನ ಕೈ ಮರಗಟ್ಟತ್ತೆ, ಜೋಪಾನ' ಅನ್ನೋರು ಅಷ್ಟೆ."

"ಕಡೇ ಸಲ ಬರ್ಲಿಲ್ಲ," ಎಂದ ಆರ್ವಿಡ್.

"ಬರ್ಲಿಲ್ಲ. ಕತ್ತಲಾಗೋ ತನಕ ಕಿಟಕಿ ಬಿಟ್ಟು ಏಳ್ಲಿಲ್ಲ ನಾನು. ಒಲೆಗೆ ಹಾಕೋಣ ಅನ್ಸಿತ್ತು ಇದನ್ನ."

"ಯಾಕೆ ಹಾಕ್ಲಿಲ್ಲ?"

"ಹಾಕಿದ್ರೆ ಅವರು ಬಂದಾಗ ಏನು ಕೊಡೋದು?"

ಆರ್ವಿಡ್ ಪೆಟ್ಟಿಗೆಯ ಅಂಚು ಹಿಡಿದುಕೊಂಡ. ದೇವರೆದುರು, ವರ್ನಾಳೆದುರು, ಇನ್ನು ನಾಳೆಯೆಂಬುದಿರಲಿಲ್ಲ.

"ಅವಳು ಹೊರಟಿದ್ಲಮ್ಮ. ಬೀಗದಕೈ ನಾನು ಕಿತ್ಕೊಂಡೆ. ಮಧ್ಯಾಹ್ನ ದಾರಿ ಚೆನ್ನಾಗೇ ಇತ್ತು. ಆದ್ರೂ ಕೊಡ್ಲಿಲ್ಲ."

ಕೆಂಡ್ರಾ ಅವನತ್ತ ತಿರುಗಿದಳು. "ನೀವಾ," ಎಂದಳು. ಕೋಪವೋ ದುಃಖವೋ ಅವನಿಗೆ ತಿಳಿಯಲಿಲ್ಲ. ಅವಳು ವರ್ನಾಳ ಬಲಗೈಯನ್ನು ಮೆಲ್ಲಗೆ ಎತ್ತಿ ಕೈಗವಸು ತೊಡಿಸಿದಳು. ಅವನು ಜೇಬಿನಿಂದ ಇನ್ನೊಂದನ್ನು ತೆಗೆದ. ಅವಳು ಅದಕ್ಕೆ ಕೈಯೊಡ್ಡಿದಳು. ಎಡಗೈಗೂ ಅವಳೇ ತೊಡಿಸಿದಳು.

ಪ್ರಾರ್ಥನೆ ಮುಗಿದ ಮೇಲೆ ಚರ್ಚಿನ ನೆಲಮಾಳಿಗೆಯ ಊಟದಲ್ಲಿ ಅವಳು ಮೂಲೆಯ ಮೇಜಿನಲ್ಲಿ ಒಬ್ಬಳೇ ಕೂತು ಆಲೂಗಡ್ಡೆ ತಿಂದಳು. ಆರ್ವಿಡ್ ತನ್ನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಕ್ಷಮಿಸು ಎಂದು ಕೇಳಲು ಯಾವ ಮುಖ? ಕಾಫಿ ಮುಗಿಸಿ ಅವಳು ಅವನ ಮೇಜಿಗೆ ಬಂದಳು.

"ಕೋರ್ಟಿನವರು ವರ್ನಾ ಅವರನ್ನೇ ಕೇಳ್ಕೊಂಡು ನನ್ನನ್ನ ಚಿಕ್ಕಮ್ಮನ ಮನೆಗೆ ಕಳಿಸಿದ್ದು. ಒಳ್ಳೇ ಮನೆ," ಎಂದಳು. ಸ್ವಲ್ಪ ತಡೆದು, "ನಿಮ್ಮನೆ ಎಲ್ಲಿ?"

"ಗೋಧಿ ಗೋದಾಮಿನ ಎದುರು. ಹಳದಿ ಮನೆ."

ಅವಳು ತಲೆಯಾಡಿಸಿ ಮೆಟ್ಟಿಲೇರಿ ಹೋದಳು.

ತಟ್ಟೆ ತೆಗೆಯಲು ಬಂದ ಮಾರ್ಲಿಸ್ ಗೊಣಗಿದಳು. "ನೋಡು, ಆ ಹುಡುಗಿ ತನ್ನದೊಂದು ಕಂದು ಕೈಗವಸು ನಿನ್ನ ಲೋಟದ ಪಕ್ಕಾನೇ ಬಿಟ್ಟು ಹೋಗಿದಾಳೆ. ಇನ್ನೂ ಕಾರು ಹೊರಟಿಲ್ಲ, ಓಡಿಹೋಗಿ ಕೊಡ್ಲಾ?"

"ಬೇಡ."

"ಈ ಚಳೀಲಿ ಅವಳ ಕೈ ಮರಗಟ್ಟತ್ತಲ್ಲೋ."

"ಇರ್ಲಿ ಬಿಡು, ಮಾರ್ಲಿಸ್."

ಮನೆಗೆ ಬಂದ ಆರ್ವಿಡ್ ಕೋಟು ಕೂಡ ಬಿಚ್ಚಲಿಲ್ಲ. ಕೈಗವಸನ್ನು ಅಡುಗೆಮನೆಯ ಕಿಟಕಿಯ ಹಲಗೆಯ ಮೇಲಿಟ್ಟು, ತನ್ನ ಕುರ್ಚಿಯನ್ನು ರಸ್ತೆಯ ಕಡೆಗೆ ತಿರುಗಿಸಿಕೊಂಡು ಕೂತ.