ಯೋಗೇಶನಿಗೆ ಸಿಕ್ಕ ವಾಕ್ಯ

ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳ ಸಮಸ್ತ ನಾಗರಿಕರ ಗಮನಕ್ಕೆ ತರಬೇಕಾದ ಗಂಭೀರ ಸಂಗತಿಯೆಂದರೆ, ಸೀತೂರಿನ ಯೋಗೇಶನಿಗೆ ಸಿನಿಮಾದಲ್ಲಿ ಒಂದು ವಾಕ್ಯ ಸಿಕ್ಕಿತ್ತು. ಗುಂಪಿನಲ್ಲಿ ನಿಲ್ಲುವ ಅವಕಾಶ ಈ ಸೀಮೆಯಲ್ಲಿ ಹಲವರಿಗೆ ಸಿಕ್ಕಿದೆ. ತೆರೆಯ ಮೇಲೆ ಬೆನ್ನು ಕಾಣಿಸಿದವರೂ, ಒಂದು ಕಿವಿ ಕಾಣಿಸಿದವರೂ ಇದ್ದಾರೆ. ವಾಕ್ಯ ಸಿಕ್ಕವರು ಇರಲಿಲ್ಲ.

ವಾಕ್ಯ ಇದು: “ತೋಟ ನಿಮ್ದು ಅಯ್ಯಾ, ಕೈ ನಮ್ದು. ನಾಳೆಯಿಂದ ಕೈ ಬರಲ್ಲ.” ಇದನ್ನು ಕೇಳಿದ ಯಜಮಾನ ಉತ್ತರ ತೋಚದೆ ತಲೆ ತಗ್ಗಿಸಿ ಒಳಗೆ ಹೋಗಬೇಕು. ಅಡಿಕೆಗೆ ಔಷಧಿ ಹೊಡೆಯುವ ಕೆಲಸದ ಯೋಗೇಶ ಅದನ್ನು ಮರದ ತುದಿಯಲ್ಲೂ ಹೇಳಿಕೊಂಡ, ಊಟದ ನಡುವೆಯೂ ಹೇಳಿಕೊಂಡ. ತಾಯಿ ಚಿಕ್ಕಕ್ಕನಿಗೂ ಅದು ಬಾಯಿಪಾಠವಾಗಿ, ಅವನು ತುತ್ತು ನುಂಗಲು ತಡೆದರೆ ಮುಂದಿನದನ್ನು ಅವಳೇ ಹೇಳಿಬಿಡುತ್ತಿದ್ದಳು. ಅವನು ಈವರೆಗೆ ಯಾವ ಯಜಮಾನನಿಗೂ ಇಂಥ ಮಾತು ಆಡಿದವನಲ್ಲ. ಆಡುವ ಆಸೆ ಇತ್ತೆಂದು ಅವನಿಗೇ ತಿಳಿದದ್ದು ಈ ಪಾತ್ರ ಸಿಕ್ಕ ಮೇಲೆ.

ಯಜಮಾನನ ಪಾತ್ರಕ್ಕೆ ನಿರ್ದೇಶಕ ಜಯಪ್ರಕಾಶ್ ಆರಿಸಿದ್ದು ನೆಮ್ಮಾರಿನ ಸುಬ್ಬರಾಯರನ್ನು. ಮೂಗು, ಮೈಕಟ್ಟು, ಹೆಗಲ ಮೇಲಿನ ಶಾಲು ಎಲ್ಲ ಸರಿಯಿತ್ತು. ಅವರು ತಾಳಮದ್ದಲೆಯಲ್ಲಿ ಅರ್ಥ ಹೇಳುವವರು ಎಂಬುದನ್ನು ಮಾತ್ರ ಯಾರೂ ವಿಚಾರಿಸಿರಲಿಲ್ಲ. ವೇಷವಿಲ್ಲದೆ ಎದುರುಬದುರು ಕುಳಿತು, ಪುರಾಣದ ಪಾತ್ರಗಳಾಗಿ, ಆ ಕ್ಷಣಕ್ಕೆ ಹೊಳೆದ ಮಾತಿನಲ್ಲೇ ಯುದ್ಧ ಮಾಡುವ ಕಲೆ ಅದು. ಅಲ್ಲಿ ಎದುರಾಳಿಗೆ ಉತ್ತರ ಕೊಡದೆ ಏಳುವುದು ಅವಮಾನ. ಸುಬ್ಬರಾಯರು ಹಾಗೆ ಎದ್ದದ್ದನ್ನು ಕಂಡವರಿಲ್ಲ.

ಹಿರೇಕೊಡಿಗೆಯಲ್ಲಿ ಬಾಡಿಗೆಗೆ ಹಿಡಿದ ಮನೆಯ ಅಂಗಳದಲ್ಲಿ ಕ್ಯಾಮೆರಾ ಓಡಿತು. ಯೋಗೇಶ ತಡವರಿಸದೆ ವಾಕ್ಯ ಹೇಳಿದ. ಸುಬ್ಬರಾಯರು ತಲೆ ತಗ್ಗಿಸಿದರು, ಉಸಿರೆಳೆದರು, ತಲೆಯೆತ್ತಿದರು.

“ಕೈ ನಿನ್ನದೇ ಹೌದು. ಆ ಕೈಗೆ ಕತ್ತಿ ಹಿಡಿಯಲು ಕಲಿಸಿದ್ದು ಯಾರ ತೋಟ? ಅದನ್ನು ಹೇಳಿ ಹೋಗು.”

ಲೈಟಿನವರು ಚಪ್ಪಾಳೆ ತಟ್ಟಿದರು. ಜಯಪ್ರಕಾಶ್ ಕಟ್ ಹೇಳಿ ಹತ್ತಿರ ಬಂದು, ಈ ದೃಶ್ಯದಲ್ಲಿ ತಾವು ಸೋಲಬೇಕು ಎಂದು ವಿನಯದಿಂದ ನೆನಪಿಸಿದ.

“ಸೋಲ್ತೆ ಮಾರಾಯ್ರೆ. ಅವ ಸೋಲಿಸ್ಬೇಕಲ್ಲ,” ಎಂದರು ಸುಬ್ಬರಾಯರು.

ಎರಡನೆಯ ಸಲವೂ ಬಾಯಿ ನಿಲ್ಲಲಿಲ್ಲ. ಮತ್ತೆ ಶುರುಮಾಡುವ ಮೊದಲು ಅವರು ಯೋಗೇಶನನ್ನು ಪಕ್ಕಕ್ಕೆ ಕರೆದು, ನಾನು ಏನೇ ಅಂದರೂ ಬಿಡದೆ ತಿರುಗಿಸಿ ಹೇಳು ಎಂದು ಧೈರ್ಯ ತುಂಬಿದರು. ತಾಳಮದ್ದಲೆಯ ಕೂಟದಲ್ಲಿ ಕಿರಿಯರಿಗೆ ಅವರು ಮಾಡುತ್ತಿದ್ದದ್ದೂ ಇದನ್ನೇ; ಅದು ಪ್ರೀತಿಯೇ. ಈ ಕಿರಿಯ ಪ್ರತಿ ಮಳೆಗಾಲ ತಮ್ಮ ತೋಟಕ್ಕೂ ಔಷಧಿ ಹೊಡೆಯಲು ಬರುವವನು ಎಂಬುದು ಅವರಿಗೆ ಹೊಳೆಯಲಿಲ್ಲ.

ಈ ಸಲ ಸುಬ್ಬರಾಯರಿಗೆ ಕಳೆ ಏರಿತು. ಉಂಡ ಅನ್ನ, ಉಟ್ಟ ಬಟ್ಟೆ, ಅಪ್ಪನ ಕಾಯಿಲೆಗೆ ಆಸ್ಪತ್ರೆಗೆ ಓಡಿದ ಜೀಪು, ಎಲ್ಲವೂ ಮಾತಿನಲ್ಲಿ ಬಂದವು. ಕೊನೆಗೆ ಎದುರಾಳಿಗೆ ಎಡೆ ಕೊಟ್ಟು ನಿಂತರು. ಯೋಗೇಶ ಬಾಯಿ ತೆರೆದ. ಕಣ್ಣು ತುಂಬಿತ್ತು. ತಲೆ ತಾನಾಗಿ ತಗ್ಗಿತು.

“ತಪ್ಪಾಯ್ತು ಅಯ್ಯಾ.”

ಜಯಪ್ರಕಾಶ್ ಓಕೆ ಎಂದ. ಇಷ್ಟು ನೈಜವಾದ ಅಭಿನಯ ನೋಡಿಯೇ ಇಲ್ಲವೆಂದ. ಅದು ಅಭಿನಯವಲ್ಲವೆಂದು ಅರ್ಥವಾದದ್ದು ಸುಬ್ಬರಾಯರೊಬ್ಬರಿಗೆ. ಇನ್ನೊಮ್ಮೆ ತೆಗೆಯಿರಿ, ತುಟಿ ಬಿಚ್ಚುವುದಿಲ್ಲ ಎಂದು ಬೇಡಿಕೊಂಡರು. ಇಂಥದ್ದು ಎರಡನೇ ಸಲ ಬರುವುದಿಲ್ಲ ಎಂದು ಜಯಪ್ರಕಾಶ್ ಮುಂದಿನ ದೃಶ್ಯಕ್ಕಾಗಿ ಸಾಮಾನು ಕಟ್ಟಿಸಿ ಶೃಂಗೇರಿಗೆ ಹೊರಟ.

ಕೂಟ ಮುಗಿದ ಮೇಲೆ ಎದುರಾಳಿಗಳು ಒಟ್ಟಿಗೆ ಕೂತು ಕಾಫಿ ಕುಡಿಯುವುದು ತಾಳಮದ್ದಲೆಯವರಲ್ಲಿ ರೂಢಿ. ಸುಬ್ಬರಾಯರು ಎರಡು ಲೋಟ ಹಿಡಿದು ಜಗುಲಿಯ ಮೂಲೆಗೆ ಬಂದರು. ಕೂತಿದ್ದ ಯೋಗೇಶ ಎದ್ದು ನಿಂತ.

“ಕೂತ್ಕೋ ಮಾರಾಯ. ನೀನೂ ತಿರುಗಿ ಹೇಳ್ಬೇಕಿತ್ತು.”

“ಎಂತ ಹೇಳ್ಲಿ ಅಯ್ಯಾ? ನಂಗೆ ಬರ್ದು ಕೊಟ್ಟಿದ್ದು ಅದೊಂದೇ.”

ಕಾಫಿಯನ್ನು ಅವನು ನಿಂತೇ ಕುಡಿದ.

ಆಮೇಲೆ ಸುಬ್ಬರಾಯರಿಗೆ ಯೋಗೇಶನ ಪರವಾಗಿ ಒಂದಕ್ಕಿಂತ ಒಂದು ಚೂಪಾದ ಉತ್ತರಗಳು ಹೊಳೆಯತೊಡಗಿದವು. ಹಲ್ಲುಜ್ಜುವಾಗ ಒಂದು, ಬಸ್ಸಿನಲ್ಲಿ ಒಂದು. ತಮ್ಮನ್ನು ತಾವೇ ಸೋಲಿಸಬಲ್ಲ ಆ ಮಾತುಗಳನ್ನೆಲ್ಲ ಹೆಂಡತಿ ಕಮಲಮ್ಮನಿಗೆ ಹೇಳುತ್ತಿದ್ದರು. ಒಂದು ದಿನ ಕಮಲಮ್ಮ, “ಇಷ್ಟೆಲ್ಲ ಬೇಡಾಗಿತ್ತು. ನೀವು ಒಂದ್ಸಲ ಸುಮ್ನಿದ್ದಿದ್ರೆ ಆಗಿತ್ತು,” ಎಂದರು. ಅದಕ್ಕೆ ಸುಬ್ಬರಾಯರು ಉತ್ತರ ಕೊಡಲಿಲ್ಲ.

ಸಂಕಲನದಲ್ಲಿ ಯೋಗೇಶನ ವಾಕ್ಯ ಹೋಯಿತು. ಬಿಡುಗಡೆಯಾದ ಸಿನಿಮಾದಲ್ಲಿ ಸುಬ್ಬರಾಯರು ಮಾತಾಡುತ್ತಾರೆ, ಯೋಗೇಶ ತಪ್ಪಾಯ್ತು ಅನ್ನುತ್ತಾನೆ.