ಬಣ್ಣ ಬಳಿದ ಜೋಡಿ ಚಕ್ರ

ಆ ಪಿಕಪ್ ಗಾಡಿಗೆ ಇಪ್ಪತ್ತಮೂರು ವರ್ಷ. ಸಿಮೆಂಟ್ ಹೂಕುಂಡ ತುಂಬಿದರೆ ಹಿಂಭಾಗ ಕುಕ್ಕರುಗಾಲಲ್ಲಿ ಕೂತ್ಕೊಂಡು, ಮುಂಭಾಗ ಆಕಾಶ ನೋಡ್ತಿತ್ತು. ತಿರುವು ಬಂತು ಅಂದ್ರೆ ಸಾಕು, ಹೋಗಲೋ ಬೇಡವೋ ಅನ್ನೋ ಹಾಗೆ ಆ ಕಡೆ ಈ ಕಡೆ ವಾಲ್ತಿತ್ತು. ಆ ವರ್ಷ ಹಿಂದಿನ ಟೈರು ಮೂರು ಸಲ ಒಡೀತು. ಮೂರನೇ ಸದ್ದಿಗೆ ಪಕ್ಕದ ಮನೆ ಕೋಳಿ ಮೊಟ್ಟೆ ಇಡೋದನ್ನೇ ನಿಲ್ಲಿಸಿಬಿಡ್ತು ಅಂತ ಆ ಮನೆಯವರು ಇವತ್ತಿಗೂ ಇವರ ಹತ್ತಿರ ಮಾತಾಡಲ್ಲ.

ಕುಂಡ ಮಾಡೋನು ಗಂಡ. ಗಾಡಿ ಓಡಿಸೋಳು ಹೆಂಡತಿ. ಕುಂಡದ ಅಂಗಡಿ ಅವಳದೇ ಆದ್ದರಿಂದ ಬೀದಿಯವರೆಲ್ಲ ಅವಳನ್ನ ಯಜಮಾನಿ ಅಂತಿದ್ರು. ಗಂಡನಿಗೆ ಬೀದಿಯವರು ಇಟ್ಟ ಹೆಸರು ಆಗುತ್ತಪ್ಪ. ಏನು ಕೇಳಿದ್ರೂ ಅವನ ಉತ್ತರ ಒಂದೇ: "ಆಗುತ್ತೆ." ಮನೆ ಸೋರ್ತಿದೆ ರೀ ಅಂದ್ರೆ, ಆಗುತ್ತೆ. ಏನಾಗುತ್ತೆ ಅಂತ ಮಾತ್ರ ಹದಿನೇಳು ವರ್ಷದಿಂದ ಯಜಮಾನಿಗೆ ಗೊತ್ತಾಗಿರಲಿಲ್ಲ.

"ರೀ, ಕುಂಡ ಕಡಿಮೆ ತುಂಬೋಣ. ತಿರುವಲ್ಲಿ ಜೀವ ಬಾಯಿಗೆ ಬರುತ್ತೆ. ಪಕ್ಕದಲ್ಲಿ ನಿಮ್ಮಮ್ಮ ಬೇರೆ ಕೂತಿರ್ತಾರೆ," ಅಂದಳು ಅವಳು.

ಗಿರಾಕಿ ಹತ್ತಿರ ಚೌಕಾಸಿ ಮಾಡೋ ಕೆಲಸ ಅತ್ತೆಯದು. ಅತ್ತೆ ಇಲ್ಲದೆ ಗಾಡಿ ಹೊರಡ್ತಿರಲಿಲ್ಲ.

"ಕಡಿಮೆ ಯಾಕೆ? ಹಿಂದೆ ಜೋಡಿ ಚಕ್ರ ಹಾಕ್ತೀನಿ," ಅಂದ ಆಗುತ್ತಪ್ಪ. "ಆ ಕಡೆ ಎರಡು, ಈ ಕಡೆ ಎರಡು. ಒಂದು ಒಡೆದ್ರೆ ಇನ್ನೊಂದು ಹಿಡ್ಕೊಳ್ಳುತ್ತೆ. ಗಾಡಿ ವಾಲೋದೂ ಇಲ್ಲ."

"ಬೋಲ್ಟಕ್ಕನ ಹತ್ತಿರ ಮಾಡಿಸ್ತೀರಾ?"

ಬೋಲ್ಟಕ್ಕ ಅಂದ್ರೆ ಮುಖ್ಯರಸ್ತೆಯಲ್ಲಿ ಗ್ಯಾರೇಜು ನಡೆಸೋ ಹೆಂಗಸು. ಗಾಡಿ ಬೀದಿಯ ಆ ತುದಿಯಲ್ಲಿ ಬರ್ತಿರುವಾಗಲೇ ಯಾವ ನಟ್ಟು ಸಡಿಲ ಅಂತ ಈ ತುದಿಯಲ್ಲಿ ಕೂತು ಹೇಳ್ತಾಳೆ ಅನ್ನೋ ಮಾತಿತ್ತು.

"ಚಕ್ರ ಬಿಚ್ಚಿ ಹಾಕೋಕೆ ಬೋಲ್ಟಕ್ಕ ಯಾಕೆ? ಎರಡು ಚಕ್ರ ತರೋದು, ಉದ್ದ ಬೋಲ್ಟು ಹಾಕೋದು, ಬಿಗಿಯೋದು. ಆಗುತ್ತೆ."

ಒಂದೇ ಭಾನುವಾರದಲ್ಲಿ ಮುಗಿಸಿಬಿಟ್ಟ. ತಂದ ಟೈರುಗಳಲ್ಲಿ ಒಂದು ಅರ್ಧ ಸವೆದಿತ್ತು, ಇನ್ನೊಂದು ಅಂಗೈ ಥರ ನುಣ್ಣಗಿತ್ತು. ಅದನ್ನ ಮುಚ್ಚೋಕೋ ಏನೋ, ಕುಂಡಕ್ಕೆ ಬಳಿಯೋ ಇಟ್ಟಿಗೆ ಬಣ್ಣವನ್ನ ಚಕ್ರದ ಕಬ್ಬಿಣದ ತಟ್ಟೆಗಳಿಗೆ ಒಳಗೂ ಹೊರಗೂ ಮೂರು ಕೋಟು ಬಳಿದ. ಒಣಗಿದ ಮೇಲೆ ನಟ್ಟು ಬಿಗಿದು, ಸೊಂಟದ ಮೇಲೆ ಕೈ ಇಟ್ಕೊಂಡು ನಿಂತ.

"ನೋಡೇ! ಡಬಲ್ ಚಕ್ರ. ನಾಳೆಯಿಂದ ಡಬಲ್ ಲೋಡು. ನಲವತ್ತು ಕುಂಡದ ಜಾಗದಲ್ಲಿ ಎಂಬತ್ತು."

"ನಲವತ್ತರ ಮೇಲೆ ಒಂದು ಕುಂಡ ಇಟ್ರೂ ಗಾಡಿ ನೀವೇ ಓಡಿಸ್ಕೊಳ್ಳಿ," ಅಂದಳು ಯಜಮಾನಿ. ಅವನಿಗೆ ಗಾಡಿ ಓಡಿಸೋಕೆ ಬರ್ತಿರಲಿಲ್ಲ. ನಲವತ್ತೇ ತುಂಬಿದ.

ಮೂರನೇ ದಿನ ಹಿಂದಿನಿಂದ ಟಕ್ ಟಕ್ ಸದ್ದು ಶುರುವಾಯ್ತು.

"ರೀ, ಸದ್ದು ಬರ್ತಿದೆ."

"ಹೊಸದಲ್ವಾ, ಪಳಗಬೇಕು. ಆಗುತ್ತೆ."

"ಬೋಲ್ಟಕ್ಕನಿಗೆ ಒಂದು ಸಲ ತೋರಿಸಿ ಅಂತ ಭಾನುವಾರದಿಂದ ಬಡ್ಕೊಳ್ತಿದೀನಿ. ಗೋಡೆಗೆ ಹೇಳಿದ್ರೆ ಸುಣ್ಣನಾದ್ರೂ ಉದುರುತ್ತೆ, ನಿಮಗೆ ಹೇಳಿದ್ರೆ ಅದೂ ಇಲ್ಲ."

ಅವತ್ತು ಗಿರಾಕಿ ಕಾಯ್ತಿದ್ರು. ಬೈಕೊಂಡೇ ಗಾಡಿ ತೆಗೆದಳು. ಇಳಿಜಾರಿನಲ್ಲಿ ಅರ್ಧ ಇಳಿದಿರಬೇಕು, ಬಲಗಡೆಯಿಂದ ಏನೋ ಉರುಳ್ಕೊಂಡು ಇವರ ಗಾಡಿಯನ್ನ ದಾಟಿ ಮುಂದೆ ಹೋಯ್ತು.

"ಅಲ್ವೇ, ಯಾರದೋ ಚಕ್ರ ಒಂಟಿಯಾಗಿ ಹೋಗ್ತಿದೆ," ಅಂದ್ರು ಅತ್ತೆ. "ಬಣ್ಣ ಚೆನ್ನಾಗಿದೆ."

"ಅತ್ತೆ, ಅದು ನಮ್ಮದು. ಗಟ್ಟಿಯಾಗಿ ಹಿಡ್ಕೊಳ್ಳಿ."

ಬ್ರೇಕನ್ನ ಗಕ್ಕನೆ ಒತ್ತಲಿಲ್ಲ. ಗೇರು ಇಳಿಸಿ, ಮೆಲ್ಲಮೆಲ್ಲಗೆ ಒತ್ತಿ, ರಸ್ತೆ ಅಂಚಿನ ಮಣ್ಣಿಗೆ ಗಾಡಿ ತಂದು ನಿಲ್ಲಿಸಿದಳು. ಹನ್ನೊಂದು ಕುಂಡ ಒಡೆದವು. ಚಕ್ರ ಮಾತ್ರ ನಿಲ್ಲಲಿಲ್ಲ. ಇಳಿಜಾರಿನ ಕೊನೆಯ ಬಸ್ ಸ್ಟಾಪಿಗೆ ನುಗ್ಗಿ ಕಲ್ಲುಬೆಂಚನ್ನ ಎರಡು ತುಂಡು ಮಾಡಿ ಮಲಗ್ತು. ಬಸ್ಸು ಆಗಷ್ಟೇ ಹೋಗಿತ್ತು. ಬೆಂಚಿನ ಮೇಲೆ ಯಾರೂ ಇರಲಿಲ್ಲ.

ಯಜಮಾನಿ ಆ ಎರಡು ತುಂಡನ್ನ ನೋಡ್ತಾ ನಿಂತಳು. ಹದಿನೇಳು ವರ್ಷದಲ್ಲಿ ಮೊದಲ ಸಲ ಗಂಡನನ್ನ ಬೈಯೋದನ್ನ ಆಮೇಲಕ್ಕೆ ಇಟ್ಟಳು. ಫೋನ್ ತೆಗೆದು ಬೋಲ್ಟಕ್ಕನಿಗೆ ಮಾಡಿದಳು.

ಗಾಡಿಯನ್ನ ಗ್ಯಾರೇಜಿಗೆ ಎಳೆಸಿದ್ದಾಯ್ತು. ಆಗುತ್ತಪ್ಪ ಓಡ್ಕೊಂಡು ಬಂದ. "ಬೋಲ್ಟಕ್ಕ, ನಟ್ಟು ನಾನೇ ಬಿಗಿದಿದ್ದು, ಸ್ಪ್ಯಾನರ್ ಮೇಲೆ ನಿಂತು! ಸಡಿಲ ಆಗೋ ಮಾತೇ ಇಲ್ಲ. ಯಾರೋ ಕಳ್ಳರು ಬಿಚ್ಚಿರ್ಬೇಕು."

"ಓಡೋ ಗಾಡಿಯಿಂದ ಬಿಚ್ಚಿದ್ರಾ? ಕೈಚಳಕದ ಕಳ್ಳರಪ್ಪ," ಅಂದಳು ಬೋಲ್ಟಕ್ಕ. ಉಳಿದ ಚಕ್ರ ಬಿಚ್ಚಿ ನೋಡಿದಳು. "ಈ ಬಣ್ಣ ಯಾರ ಬುದ್ಧಿ?"

"ನಂದೇ. ತುಕ್ಕು ಹಿಡೀಬಾರದು ಅಂತ."

ಬೋಲ್ಟಕ್ಕ ಅವನೇ ಬಣ್ಣ ಬಳಿದಿದ್ದ ಎರಡು ತಟ್ಟೆಗಳನ್ನ ಒಂದರ ಮೇಲೊಂದು ಇಟ್ಟು ಬೋಲ್ಟು ತೂರಿಸಿದಳು. "ನಿನ್ನ ಶಕ್ತಿಯೆಲ್ಲ ಹಾಕಿ ಬಿಗಿ." ಕತ್ತಿನ ನರ ಉಬ್ಬೋ ತನಕ ಬಿಗಿದ. ಅವಳು ಸುತ್ತಿಗೆ ತಗೊಂಡು ತಟ್ಟೆ ಮೇಲೆ ನಲವತ್ತು ಏಟು ಕೊಟ್ಟಳು. ಬಣ್ಣ ಪುಡಿಪುಡಿಯಾಗಿ ಉದುರ್ತು.

"ಅಮ್ಮಾ, ನೀವು ಬನ್ನಿ. ಈ ಸ್ಪ್ಯಾನರ್ ಸ್ವಲ್ಪ ತಿರುಗಿಸಿ."

ಎಪ್ಪತ್ತೊಂದು ವರ್ಷದ ಅತ್ತೆ ಒಂದೇ ಕೈಯಲ್ಲಿ ತಿರುಗಿಸಿದ್ರು. ನಟ್ಟು ಸಲೀಸಾಗಿ ಬಂತು. ಆಗುತ್ತಪ್ಪ ತಾಯಿಯ ಕೈಯನ್ನೂ ನಟ್ಟನ್ನೂ ಬದಲಾಯಿಸಿ ಬದಲಾಯಿಸಿ ನೋಡಿದ.

"ನೀನು ಬಿಗಿದಿದ್ದು ಕಬ್ಬಿಣಕ್ಕಲ್ಲಯ್ಯಾ, ಬಣ್ಣಕ್ಕೆ," ಅಂದಳು ಬೋಲ್ಟಕ್ಕ. "ಗಾಡಿ ಕುಲುಕಿ ಕುಲುಕಿ ಬಣ್ಣ ಸವೀತು, ಸಂದಿ ಬಿಡ್ತು, ನಟ್ಟು ಸಡಿಲ ಆಯ್ತು. ಚಕ್ರ ಕೂರೋ ಜಾಗದಲ್ಲಿ ಬಣ್ಣ, ತುಕ್ಕು, ಮಣ್ಣು ಏನೂ ಇರಬಾರದು. ಬಿಗಿದ ಮೇಲೆ ಐವತ್ತು, ನೂರು ಕಿಲೋಮೀಟರ್ ಓಡಿಸಿ ಮತ್ತೆ ಬಿಗೀಬೇಕು. ಬಿಗಿದ್ಯಾ?"

"ಇಲ್ಲ."

"ಹೋಗಲಿ, ಡಬಲ್ ಚಕ್ರ ಅಂದ್ರೆ ಡಬಲ್ ಲೋಡು ತಾನೆ?" ಅವನು ಇನ್ನೂ ಬಿಡಲಿಲ್ಲ.

"ಎರಡು ಜೊತೆ ಚಪ್ಪಲಿ ಹಾಕ್ಕೊಂಡ್ರೆ ನಿನ್ನ ಸೊಂಟ ಗಟ್ಟಿ ಆಗುತ್ತೇನಯ್ಯಾ? ಆಕ್ಸಲ್ಲು ಅದೇ, ಭಾರ ಹೊರೋ ಕಮಾನು ಪಟ್ಟಿ ಅದೇ, ಬ್ರೇಕು ಅದೇ. ಆರ್‌ಸಿ ಪುಸ್ತಕದಲ್ಲಿ ಎಷ್ಟು ತೂಕ ಬರೆದಿದೆಯೋ ಅಷ್ಟೇ. ಸಾರಿಗೆ ಕಚೇರಿಯಲ್ಲಿ ಕೇಳಿದ್ಯಾ? ಇನ್ಶೂರೆನ್ಸಿಗೆ ತಿಳಿಸಿದ್ಯಾ? ಇವತ್ತು ಆ ಬೆಂಚಿನ ಮೇಲೆ ಯಾರಾದ್ರೂ ಕೂತಿದ್ರೆ?"

ಯಜಮಾನಿ ಹೇಳಿದಳು: "ರೀ, ನಿಮ್ಮಮ್ಮನೂ ನಾನೂ ಇದ್ರಲ್ಲಿ ದಿನಾ ಆ ಇಳಿಜಾರು ಇಳೀತೀವಿ. ಈ ಅಕ್ಕ ಸರಿ ಅನ್ನೋ ತನಕ ನಾನು ಬೀಗದ ಕೈ ಮುಟ್ಟಲ್ಲ."

ಆಗುತ್ತಪ್ಪ ಬಾಯಿ ತೆರೆದ. ಎಲ್ಲರೂ ಕಾದರು. "ಆಗ... ಆಗಲ್ಲ," ಅಂದ. "ನನ್ನ ಕೈಯಲ್ಲಿ ಆಗಲ್ಲ. ಅಕ್ಕ, ನೀನೇ ಮಾಡು."

ಮಗನ ಬಾಯಲ್ಲಿ ಆ ಮಾತು ಹುಟ್ಟಿದಾಗಿಂದ ಕೇಳಿರಲಿಲ್ಲವಂತೆ. ಅತ್ತೆ ಅಲ್ಲೇ ಇದ್ದ ಟೈರಿನ ಮೇಲೆ ಕೂತುಬಿಟ್ರು.

ಐದು ವಾರ ಹಿಡೀತು. ಮೊದಲು ಸಾರಿಗೆ ಕಚೇರಿಯ ಒಪ್ಪಿಗೆ. ಆಮೇಲೆ ಜೋಡಿ ಚಕ್ರಕ್ಕೆ ಅಂತಲೇ ಮಾಡಿದ ಆಕ್ಸಲ್ಲು, ಅದಕ್ಕೆ ಹೊಂದೋ ಬ್ರೇಕು, ತಟ್ಟೆ. ಹಿಂದಿನ ನಾಲ್ಕೂ ಟೈರು ಒಂದೇ ಅಳತೆ, ಒಂದೇ ಸವೆತ, ಒಂದೇ ಗಾಳಿ. ಲೋಡು ಕೂತಾಗ ಜೋಡಿ ಟೈರು ಒಂದಕ್ಕೊಂದು ಉಜ್ಜದ ಹಾಗೆ ನಡುವೆ ಸಂದಿ. ಒಳಗಿನ ಟೈರಿಗೂ ಗಾಳಿ ತುಂಬೋಕೆ ಕೈ ಹೋಗೋ ಹಾಗೆ ಉದ್ದ ನಳಿಕೆ. ಆಮೇಲೆ ತಪಾಸಣೆ, ಪುಸ್ತಕದಲ್ಲಿ ನಮೂದು, ಇನ್ಶೂರೆನ್ಸಿಗೆ ಪತ್ರ.

ಈಗ ಗಾಡಿ ತಿರುವಲ್ಲಿ ವಾಲಲ್ಲ. ಕುಂಡ ನಲವತ್ತೇ. ಯಜಮಾನಿಗೆ ಹೊಸ ತಲೆನೋವು ಒಂದೇ: ಗಂಡ ಸ್ಪ್ಯಾನರ್ ಹಿಡ್ಕೊಂಡೇ ಓಡಾಡ್ತಾನೆ. ಮೊನ್ನೆ ದಿಬ್ಬಣದ ಬಸ್ಸು ನಿಲ್ಲಿಸಿ ಹದಿನಾರು ನಟ್ಟು ನೋಡಿದನಂತೆ. ಒಂದು ಸಡಿಲ ಇತ್ತಂತೆ. ಮದುಮಗಳೇ ಇಳಿದು ಬಂದು ಕೈಮುಗಿದಳಂತೆ. ಇದನ್ನ ಹೇಳಿದ್ದು ಅವನೇ, ಅರ್ಧ ನಂಬಿ ಸಾಕು.

ಮಿಕ್ಕಿದ್ದನ್ನ ಪೂರ್ತಿ ನಂಬಿ. ಹಳೇ ಗಾಡಿಗೆ ಜೋಡಿ ಚಕ್ರ ಬೇಕು ಅನ್ನಿಸಿದ್ರೆ ಮೊದಲು ಸಾರಿಗೆ ಕಚೇರಿಗೆ ಹೋಗಿ, ಆಮೇಲೆ ಕೆಲಸ ಗೊತ್ತಿರೋರ ಹತ್ತಿರ ಹೋಗಿ. ಚಕ್ರ ಜಾಸ್ತಿ ಆಯ್ತು ಅಂತ ತೂಕ ಜಾಸ್ತಿ ಹೇರಬೇಡಿ. ಸದ್ದು ಬಂದ್ರೆ ಅಲ್ಲೇ ನಿಲ್ಲಿಸಿ, ಪಳಗುತ್ತೆ ಅಂತ ಕಾಯಬೇಡಿ. ದಿನಾ ಹೊರಡೋ ಮುಂಚೆ ಬಗ್ಗಿ ನಟ್ಟು ನೋಡಿ, ಗಾಳಿ ನೋಡಿ, ಎರಡು ಟೈರಿನ ನಡುವೆ ಕಲ್ಲು ಸಿಕ್ಕಿದೆಯಾ ನೋಡಿ. ಬಗ್ಗಿದ್ರೆ ಮೊಣಕಾಲು ಮಣ್ಣಾಗುತ್ತೆ, ಬಟ್ಟೆ ಕೊಳೆಯಾಗುತ್ತೆ. ಒಗೆದ್ರೆ ಹೋಗುತ್ತೆ.