ಮನೆಗೆ ಬೆಲೆ ಕಟ್ಟುವವನು ಬರುತ್ತಾನೆ

ಅಮ್ಮನ ಪಟಕ್ಕೆ ಕೈ ಹಾಕುವ ಹೊತ್ತಿಗೆ ವರ್ಲೀನಳ ತೋಳು ಸೋತುಹೋಗಿತ್ತು. ಉಳಿದದ್ದೆಲ್ಲ ಆಗಲೇ ರಟ್ಟಿನ ಪೆಟ್ಟಿಗೆ ಸೇರಿತ್ತು: ಸೈನ್ಯದ ಸಮವಸ್ತ್ರದ ಅಪ್ಪ, ಪದವಿಯ ಟೋಪಿ ತೊಟ್ಟ ಸೋದರಸೊಸೆ, ಕೊನೆಗೆ ಕಪ್ಪು ಜನ ಗುಂಗುರು ತಲೆಗೆ ಹಚ್ಚುವ ಎಣ್ಣೆಯ ಡಬ್ಬಿ ಕೂಡ.

"ಅಕ್ಕಾ, ಅಮ್ಮನ್ನೊಬ್ಳನ್ನ ಬಿಟ್ಬಿಡೋಣ್ವಾ?" ತಮ್ಮ ಲೂಷಿಯಸ್ ಕೇಳಿದ.

"ಅವಳೇ ಎಲ್ಲರಿಗಿಂತ ಕಪ್ಪು. ಹಿಡ್ಕೊ ಸರಿಯಾಗಿ."

ಮೆಂಫಿಸ್‌ನ ಅರ್ಧಕ್ಕರ್ಧ ಚರ್ಚುಗಳ ಗಾಯಕರ ನಿಲುವಂಗಿಗಳನ್ನು ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿಕೊಡುವ ಅಂಗಡಿ ವರ್ಲೀನಳದು. ಹಳೆಯ ಇಸ್ತ್ರಿ ಯಂತ್ರ ಕೈಕೊಟ್ಟಿತ್ತು. ಈಸ್ಟರ್ ಹಬ್ಬದೊಳಗೆ ಹೊಸದು ಬಾರದಿದ್ದರೆ ಅಂಗಡಿಗೆ ಬೀಗ. ಕಪ್ಪು ಉದ್ಯಮಿಗಳ ಕೈ ಹಿಡಿಯುತ್ತೇವೆಂದು ಬ್ಯಾಂಕು ಊರತುಂಬ ಫಲಕ ಹಾಕಿತ್ತು. ಹಿಡಿಯುವ ಕೈ ಮೊದಲು ಕೇಳಿದ್ದು ಮನೆಯ ಅಡಮಾನ. ಬೆಲೆ ಕಟ್ಟಲು ಬಂದವನು ಬಾಗಿಲು ತೆರೆದ ವರ್ಲೀನಳನ್ನು ನೋಡಿದ, ಗೋಡೆಯ ಪಟಗಳನ್ನು ನೋಡಿದ, ಹತ್ತೇ ನಿಮಿಷದಲ್ಲಿ ಹೊರಟ. ಅವನು ಬರೆದ ಬೆಲೆಯ ಮೇಲೆ ಸಿಗುವ ಸಾಲಕ್ಕೆ ಅರ್ಧ ಯಂತ್ರವೂ ಬರುತ್ತಿರಲಿಲ್ಲ. ಇನ್ನೂರೈವತ್ತು ವರ್ಷ ಕೂಲಿ ಕೊಡದೆ ದುಡಿಸಿಕೊಂಡವರ ಮೊಮ್ಮಕ್ಕಳಿಗೆ ಆಸ್ತಿ ಬಂತು. ದುಡಿದವರ ಮೊಮ್ಮಕ್ಕಳಿಗೆ ಅರ್ಜಿ ಫಾರಂ ಬಂತು.

ಅವಳು ಹಟ ಹಿಡಿದು ಕೇಳಿದ್ದಕ್ಕೆ ಈಗ ಎರಡನೆಯ ಸಲ ಬೇರೊಬ್ಬ ಬರುವವನಿದ್ದ. ಅದಕ್ಕೇ ಈ ಉಪಾಯ. ಇಲ್ಲಿನ ಕಪ್ಪು ಜನ ಬಾಯಿಂದ ಬಾಯಿಗೆ ಕಲಿತದ್ದು: ಮನೆಯಿಂದ ಮನೆಯವರನ್ನೇ ಖಾಲಿ ಮಾಡುವುದು.

ಹಿಂದೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಜೊತೆಗೆ ದುಡಿದ ಬಿಳಿಯ ಗೆಳತಿ ಡೋರೀನ್ ಮನೆಯ ಯಜಮಾನಿಯ ಸೋಗಿನಲ್ಲಿ ಬಾಗಿಲಲ್ಲಿ ನಿಂತಳು. ಅಕ್ಕ-ತಮ್ಮ ಬೀದಿಯ ತುದಿಯಲ್ಲಿ ಕಾರಿನೊಳಗೆ ಕೂತರು.

"ನಮ್ಮನೆಗೆ ನಾವೇ ಕಳ್ರ ಥರ ಹೊಂಚು ಹಾಕ್ತಿದೀವಲ್ಲ ಅಕ್ಕಾ."

"ಬಾಯ್ಮುಚ್ಕೊಂಡು ತಲೆ ತಗ್ಗಿಸು. ಪೊಲೀಸ್ರಿಗೂ ಹಾಗೇ ಕಂಡೀತು."

ಒಂದು ಗಂಟೆಯಾದ ಮೇಲೆ ಡೋರೀನ್ ಬಂದಳು. ಮುಖ ಕೆಂಪೇರಿತ್ತು.

"ಜಗಲಿಯ ಇಟ್ಟಿಗೆ ಕೆಲ್ಸ ಯಾರದು ಅಂತ ಕೇಳ್ದ ಕಣೆ. ನಮ್ಮಪ್ಪಂದು ಅಂದ್ಬಿಟ್ಟೆ. ತಪ್ಪಾಯ್ತಾ?"

ಭಾನುವಾರಗಳ ಪ್ರಾರ್ಥನೆ ಮುಗಿಸಿ ಬಂದು ವರ್ಲೀನಳ ಅಪ್ಪ ಒಂದೊಂದೇ ಇಟ್ಟಿಗೆ ಇಟ್ಟು ಕಟ್ಟಿದ ಜಗಲಿ ಅದು.

"ಇಲ್ಲ ಬಿಡೆ," ಎಂದಳು ವರ್ಲೀನ್. "ಇನ್ನೇನು ತಾನೇ ಹೇಳ್ತಿದ್ದೆ."

ವಾರ ಕಳೆದು ಬ್ಯಾಂಕಿಗೆ ಬರುವಂತೆ ವರ್ಲೀನಳಿಗೆ ಕರೆ ಬಂತು. ಅವಳದೇ ಬಣ್ಣದ ಅಧಿಕಾರಿ ಜಾರ್ವಿಸ್ ಎರಡೂ ವರದಿಗಳನ್ನು ಮೇಜಿನ ಮೇಲೆ ಹರಡಿಕೊಂಡಿದ್ದ. ಹೊಸ ಬೆಲೆ ಹಳೆಯದರ ಹತ್ತಿರ ಹತ್ತಿರ ಎರಡರಷ್ಟು.

"ಸಾಲ ಸಿಗುತ್ತೆ, ಮಿಸ್ ವರ್ಲೀನ್. ಆದ್ರೆ ಎರಡು ತಿಂಗಳಲ್ಲಿ ಇಷ್ಟು ಏರಿದ್ದಕ್ಕೆ ಕಾರಣ ಬರೀಬೇಕು. ಏನು ರಿಪೇರಿ ಮಾಡಿಸಿದ್ರಿ?"

"ಗೋಡೆಯಿಂದ ಅಮ್ಮನ್ನ ಇಳಿಸಿದೆ, ಮಗಾ."

ಜಾರ್ವಿಸ್ ಪೆನ್ನು ಕೆಳಗಿಟ್ಟ. "ನಮ್ಮಜ್ಜಿ ಪಟಾನೂ ಎರಡು ಸಲ ಮಂಚದಡಿ ಸೇರಿದೆ," ಎಂದ ಮೆಲ್ಲಗೆ. "ಆದ್ರೆ ಈ ಕಾಲಂ ಖಾಲಿ ಬಿಡೋ ಹಾಗಿಲ್ಲ."

"ನಿಜಾನೇ ಬರಿ."

"ನಿಜ ಬರೆದ್ರೆ ಯಂತ್ರ ಬರಲ್ಲ."

ಈಸ್ಟರಿಗೆ ಇನ್ನು ಹದಿನೆಂಟು ದಿನ. ವರ್ಲೀನ್ ಕಣ್ಣುಜ್ಜಿಕೊಂಡಳು. "ಏನಾದ್ರೂ ಬರ್ಕೊ ಹೋಗು."

ಅವನು ಬರೆದು ಹಾಳೆಯನ್ನು ಅವಳತ್ತ ತಿರುಗಿಸಿದ: 'ಮನೆಯ ಬಣ್ಣ ಬದಲಾಯಿಸಲಾಗಿದೆ.'

ಅದರ ಕೆಳಗೆ ಅವಳು ಸಹಿ ಹಾಕಿದಳು.